ಒಂದು ಓಗರ್, ನಾಲ್ಕು ಗಾಬ್ಲಿನ್: ಸಂಭವನೀಯತೆ ಪಾಠದಲ್ಲಿ ರಾಕ್ಷಸರ ಬಲವನ್ನು ಹೊಂದಿಸಿದ ಅನುಭವ

ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೇ ತರಗತಿಯ ಎರಡು ವಿಭಾಗಗಳಿಗೆ ಗಣಿತ ಬೋಧಿಸುವ ಅವಕಾಶ ನನಗೆ ದೊರೆತಿತ್ತು. ‘ಸಂಭವನೀಯತೆ’ ಘಟಕದ ಪುನರಾವರ್ತನೆಗೆ ಒಂದು ಆಟವನ್ನು ಚಟುವಟಿಕೆಯಾಗಿ ಬಳಸಿದೆ. ‘ಎ’ ವಿಭಾಗದಲ್ಲಿ ಅದು ಕೆಟ್ಟಿತು. ‘ಬಿ’ ವಿಭಾಗದಲ್ಲಿ ಬಹುಮಟ್ಟಿಗೆ ಸರಿಹೋಯಿತು. ಎರಡರ ನಡುವೆ ನಾನು ಬದಲಿಸಿದ್ದು ಮುಖ್ಯವಾಗಿ ಎದುರಾಳಿ ರಾಕ್ಷಸನನ್ನು. ಆ ಬದಲಾವಣೆಯ ಹಿಂದಿನ ಲೆಕ್ಕವನ್ನು ಇಲ್ಲಿ ವಿವರಿಸುತ್ತೇನೆ.

ಆಟದ ಪರಿಚಯ

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಇದು 1974ರಲ್ಲಿ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತು ಆಡುವ ಕಥೆಯಾಟವಿದು. ಒಬ್ಬರು ನಿರೂಪಕರು, ಉಳಿದವರು ಯೋಧ, ಮಾಂತ್ರಿಕ ಮುಂತಾದ ಪಾತ್ರಗಳು. ನಿರೂಪಕರು ರಾಕ್ಷಸರನ್ನು ನಡೆಸುತ್ತಾರೆ. ಹಾಸ್ಟೆಲ್‌ನಲ್ಲಿ ಗೆಳತಿಯರೊಂದಿಗೆ ನಾನು ಆಡುವುದು 2014ರಲ್ಲಿ ಬಂದ ಐದನೇ ಆವೃತ್ತಿ. ಇಲ್ಲಿನ ಅಂಕಿಗಳೆಲ್ಲ ಆ ಆವೃತ್ತಿಯವು.

ಪಾಠಕ್ಕೆ ಬೇಕಾದ ನಿಯಮಗಳು ಮೂರೇ. ಒಂದು, ಹೊಡೆಯುವವರು 20 ಮುಖದ ದಾಳ ಉರುಳಿಸಿ, ಬಂದ ಸಂಖ್ಯೆಗೆ ತಮ್ಮ ಕೌಶಲದ ಅಂಕ ಕೂಡಿಸುತ್ತಾರೆ. ಮೊತ್ತವು ಎದುರಾಳಿಯ ರಕ್ಷಣಾ ಸಂಖ್ಯೆಯಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಏಟು ತಾಗುತ್ತದೆ. ಎರಡು, ತಾಗಿದರೆ ಇನ್ನೊಂದು ದಾಳದಿಂದ ಪೆಟ್ಟಿನ ಪ್ರಮಾಣ ತಿಳಿದು, ಅಷ್ಟನ್ನು ಎದುರಾಳಿಯ ಜೀವಾಂಕದಿಂದ ಕಳೆಯಬೇಕು. ಮೂರು, ಜೀವಾಂಕ ಸೊನ್ನೆಯಾದರೆ ಪಾತ್ರ ಪ್ರಜ್ಞೆ ತಪ್ಪಿ ಬೀಳುತ್ತದೆ, ಚಿಕಿತ್ಸೆ ಸಿಕ್ಕರೆ ಏಳುತ್ತದೆ. ಆದರೆ ಸೊನ್ನೆಯಾದ ಮೇಲೂ ಉಳಿದ ಪೆಟ್ಟು ಆ ಪಾತ್ರದ ಪೂರ್ಣ ಜೀವಾಂಕದಷ್ಟಿದ್ದರೆ ಅಲ್ಲೇ ಸಾವು.

20 ಮುಖದ ದಾಳ ಶಾಲೆಯಲ್ಲಿ ಎಲ್ಲಿಂದ ಬರಬೇಕು? 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿದೆ. 8 ಮುಖದ ದಾಳಕ್ಕೆ ಇನ್ನೊಂದು ಡಬ್ಬಿ. ತೆಗೆದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಬೇಕು. ಏಕೆ ಹಾಕಬೇಕು ಎಂಬುದೇ ಆ ದಿನದ ಮೊದಲ ಪ್ರಶ್ನೆಯಾಯಿತು.

ಲೆಕ್ಕ ಸುಲಭವಾಗಲೆಂದು ನಾಲ್ಕೂ ಪಾತ್ರಗಳಿಗೆ ಒಂದೇ ಕೌಶಲ (+5), ಒಂದೇ ಪೆಟ್ಟು (8ರ ಡಬ್ಬಿಯ ಚೀಟಿ + 3) ಕೊಟ್ಟೆ. ರಕ್ಷಣಾ ಸಂಖ್ಯೆ ಮತ್ತು ಜೀವಾಂಕ ಮಾತ್ರ ಬೇರೆ: ಯೋಧ 16 ಮತ್ತು 12, ವೈದ್ಯ 16 ಮತ್ತು 10, ಕಳ್ಳ 14 ಮತ್ತು 9, ಮಾಂತ್ರಿಕ 12 ಮತ್ತು 7. 32 ಮಕ್ಕಳನ್ನು ಎಂಟರಂತೆ ನಾಲ್ಕು ಗುಂಪು ಮಾಡಿ, ಗುಂಪಿಗೊಂದು ಪಾತ್ರ ಹಂಚಿದೆ.

ಪಟ್ಟಿ ಹೇಳಿದ್ದು

ಎದುರಾಳಿಯ ಬಲ ಎಷ್ಟಿರಬೇಕು ಎಂದು ತಿಳಿಯಲು ಆಟದ ಪುಸ್ತಕದಲ್ಲಿ ಒಂದು ಪಟ್ಟಿ ಇದೆ. ಪ್ರತಿ ರಾಕ್ಷಸನಿಗೂ ‘ಚಾಲೆಂಜ್ ರೇಟಿಂಗ್’ ಎಂಬ ಸವಾಲಿನ ಮಟ್ಟವಿದೆ. ನಾಲ್ವರು ಆಟಗಾರರು ಯಾವ ಹಂತದಲ್ಲಿದ್ದರೆ ಯಾರೂ ಸಾಯದೆ ಅವನನ್ನು ಗೆಲ್ಲಬಹುದೋ ಸುಮಾರಾಗಿ ಅದೇ ಅವನ ಮಟ್ಟ. ಪ್ರತಿ ಮಟ್ಟಕ್ಕೂ ಇಂತಿಷ್ಟು ಅಂಕ. ಮೊದಲ ಹಂತದ ಒಬ್ಬ ಆಟಗಾರನಿಗೆ 25 ಅಂಕದ ಹೋರಾಟ ಸುಲಭ, 50 ಸಾಧಾರಣ, 75 ಕಠಿಣ, 100 ಪ್ರಾಣಾಪಾಯ. ನಾಲ್ವರಿಗೆ ಇದರ ನಾಲ್ಕರಷ್ಟು. ರಾಕ್ಷಸರು ಮೂರರಿಂದ ಆರು ಇದ್ದರೆ ಅವರ ಒಟ್ಟು ಅಂಕವನ್ನು ಎರಡರಿಂದ ಗುಣಿಸಿ ನೋಡಬೇಕು, ಏಕೆಂದರೆ ಸಂಖ್ಯೆ ಹೆಚ್ಚಿದಷ್ಟೂ ಅವರಿಗೆ ಹೊಡೆಯುವ ಸರದಿಗಳು ಹೆಚ್ಚು. (2024ರ ಪರಿಷ್ಕೃತ ಪುಸ್ತಕದಲ್ಲಿ ಈ ಗುಣಕವನ್ನು ಕೈಬಿಟ್ಟಿದ್ದಾರೆ.)

ನನ್ನ ಮುಂದೆ ಎರಡು ಆಯ್ಕೆಗಳಿದ್ದವು. ಒಬ್ಬ ಓಗರ್, ಅಂದರೆ ದೈತ್ಯಕಾಯದ ರಾಕ್ಷಸ, ಮಟ್ಟ 2, ಅಂಕ 450. ಅಥವಾ ನಾಲ್ಕು ಗಾಬ್ಲಿನ್‌ಗಳು, ಅಂದರೆ ಕುಳ್ಳ ಪಿಶಾಚಿಗಳು, ತಲಾ 50ರಂತೆ 200, ಎರಡರಿಂದ ಗುಣಿಸಿದರೆ 400. ಎರಡೂ ‘ಪ್ರಾಣಾಪಾಯ’ದ ಗೆರೆಯ ಮೇಲೆ. ಹತ್ತಿರ ಹತ್ತಿರ ಸಮ ಎಂದುಕೊಂಡೆ. ಒಬ್ಬನೇ ಆದರೆ ಚೀಟಿ ತೆಗೆಯುವುದು ಕಡಿಮೆ, ಸಮಯ ಉಳಿಯುತ್ತದೆ ಎಂದು ಓಗರ್‌ನನ್ನು ಆರಿಸಿದೆ.

‘ಎ’ ವಿಭಾಗದಲ್ಲಿ ಆದದ್ದು

ಯಾರು ಮೊದಲು ಎಂಬುದಕ್ಕೂ ಚೀಟಿ ತೆಗೆದೆವು. ಓಗರ್‌ಗೆ ಮೊದಲ ಸರದಿ ಬಂತು. ನಾನು ಅವನನ್ನು ಮಾಂತ್ರಿಕನ ಮೇಲೆ ಬಿಟ್ಟೆ. ಚೀಟಿ 14, ಓಗರ್‌ನ ಕೌಶಲ +6 ಸೇರಿ 20. ಮಾಂತ್ರಿಕನ ರಕ್ಷಣೆ 12, ಏಟು ತಾಗಿತು. ಓಗರ್‌ನ ಪೆಟ್ಟು 8ರ ಎರಡು ಚೀಟಿ + 4. ಬಂದದ್ದು 6 ಮತ್ತು 7, ಒಟ್ಟು 17. ಮಾಂತ್ರಿಕನ ಜೀವಾಂಕ 7. ಕಳೆದ ಮೇಲೂ 10 ಉಳಿಯಿತು. ನಿಯಮದಂತೆ ಅಲ್ಲೇ ಸಾವು.

ಆಗ ಅವಧಿಯ ಹದಿನೈದನೇ ನಿಮಿಷ. ಮಾಂತ್ರಿಕನ ಗುಂಪು ಇನ್ನೂ ಒಂದು ಚೀಟಿಯನ್ನೂ ತೆಗೆದಿರಲಿಲ್ಲ. ಆ ಗುಂಪಿನಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗಿ ಇದ್ದಳು. ಘಟಕದುದ್ದಕ್ಕೂ ಬಾಯಿ ಬಿಡದವಳು ಅಂದು ತಾನಾಗಿ ಕೈಯೆತ್ತಿ, “ಮಿಸ್, ಮಾಂತ್ರಿಕ ನಮಗಿರ್ಲಿ” ಎಂದು ಕೇಳಿ ಪಡೆದಿದ್ದಳು. ಉಳಿದ ಇಪ್ಪತ್ತೈದು ನಿಮಿಷ ಅವಳು ನೋಟ್‌ಬುಕ್ಕಿನ ಅಂಚನ್ನು ಮಡಿಚುತ್ತ ಕುಳಿತಿದ್ದಳು. ಮಿಕ್ಕ ಮೂರು ಗುಂಪುಗಳು ಮೂರನೇ ಸುತ್ತಿನಲ್ಲಿ ಓಗರ್‌ನನ್ನು ಕೆಡವಿ ಚಪ್ಪಾಳೆ ತಟ್ಟಿದವು. ಪಾಠ ಚೆನ್ನಾಗಿಯೇ ಆಯಿತೆಂದು ನಾನೂ ಭಾವಿಸಿದ್ದೆ. ಮಾರ್ಗದರ್ಶಕ ಉಪನ್ಯಾಸಕರು ಅವಲೋಕನ ಹಾಳೆಯಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: “ಆ ಎಂಟು ಮಕ್ಕಳು ಉಳಿದ ಅವಧಿಯಲ್ಲಿ ಏನು ಕಲಿತರು?”

ನನ್ನ ಬಳಿ ಉತ್ತರವಿರಲಿಲ್ಲ. ದುರದೃಷ್ಟ ಎನ್ನೋಣವೆಂದರೆ, ಆ ರಾತ್ರಿ ಲೆಕ್ಕ ಹಾಕಿದಾಗ ಅದು ದುರದೃಷ್ಟವೂ ಆಗಿರಲಿಲ್ಲ.

ಸರಾಸರಿ ಒಂದೇ, ಹರವು ಬೇರೆ

ಮೊದಲು ಸರಾಸರಿ ನೋಡೋಣ. ಓಗರ್‌ನ ರಕ್ಷಣೆ 11, ಜೀವಾಂಕ 59. ನಮ್ಮವರ ಚೀಟಿ 6 ಅಥವಾ ಹೆಚ್ಚು ಬಂದರೆ ಸಾಕು; ಸಂಭವನೀಯತೆ 15/20. ಸರಾಸರಿ ಪೆಟ್ಟು 7.5. ನಾಲ್ವರೂ ಸೇರಿ ಒಂದು ಸುತ್ತಿಗೆ 4 × 0.75 × 7.5 = 22.5. ಮೂರನೇ ಸುತ್ತಿಗೆ ಓಗರ್ ಬೀಳುತ್ತಾನೆ. ಅಷ್ಟರಲ್ಲಿ ಅವನು ರಕ್ಷಣೆ 16 ಇರುವ ಯೋಧನನ್ನು ಮೂರು ಸಲ ಹೊಡೆದರೆ, ಪ್ರತಿ ಸಲ 11/20 × 13 = 7.15ರಂತೆ ಸುಮಾರು 21 ಪೆಟ್ಟು.

ಗಾಬ್ಲಿನ್‌ನ ರಕ್ಷಣೆ 15, ಜೀವಾಂಕ 7, ಕೌಶಲ +4, ಪೆಟ್ಟು ಸಾಮಾನ್ಯ ದಾಳ + 2, ಅಂದರೆ ಸರಾಸರಿ 5.5. ಅದೇ ಯೋಧನ ಮೇಲೆ ಒಂದು ಗಾಬ್ಲಿನ್‌ನ ಒಂದು ಸರದಿಗೆ 9/20 × 5.5, ಸುಮಾರು 2.5. ಮೊದಲ ಸುತ್ತಿನಲ್ಲಿ ನಾಲ್ಕು, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಒಂದು ಉಳಿಯಿತೆಂದರೆ ಎಂಟು ಸರದಿ, ಸುಮಾರು 20 ಪೆಟ್ಟು.

21 ಮತ್ತು 20. ಪಟ್ಟಿ ಸುಳ್ಳು ಹೇಳಿರಲಿಲ್ಲ. ಆದರೆ ಆ ಪೆಟ್ಟು ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ದುರ್ಬಲನಾದ ಮಾಂತ್ರಿಕನ ಕಡೆಯಿಂದ ನೋಡಿದರೆ ಚಿತ್ರ ಬೇರೆಯೇ. ಅವನಿಗೆ ಓಗರ್‌ನ ಏಟು ತಾಗುವ ಸಂಭವನೀಯತೆ 15/20. ತಾಗಿದರೆ ಕನಿಷ್ಠ ಪೆಟ್ಟೇ 6; ಎರಡೂ ಚೀಟಿ 1 ಬಂದರೆ ಮಾತ್ರ ಅವನು ಉಳಿಯುತ್ತಾನೆ. ಹಾಗಾಗಿ ತಾಗಿದ 64ರಲ್ಲಿ 63 ಸಲ ಬೀಳುತ್ತಾನೆ. 60 ಬಾರಿ ಬೀಸಿದರೆ 45 ತಾಗುತ್ತವೆ, 44 ಸಲ ಮಾಂತ್ರಿಕ ನೆಲಕ್ಕೆ. ಗಾಬ್ಲಿನ್ 60 ಬಾರಿ ಬೀಸಿದರೆ 39 ತಾಗುತ್ತವೆ. ದಾಳದಲ್ಲಿ 5 ಅಥವಾ 6 ಬಂದರೆ ಮಾತ್ರ 7 ಪೆಟ್ಟು ಮುಟ್ಟುವುದರಿಂದ ಬೀಳುವುದು 13 ಸಲ.

ಸಾವಿನ ಲೆಕ್ಕ ಇನ್ನೂ ಕಠೋರ. 7 ಜೀವಾಂಕದವನು ಅಲ್ಲೇ ಸಾಯಲು 14 ಪೆಟ್ಟು ಬೇಕು, ಅಂದರೆ ಓಗರ್‌ನ ಎರಡು ಚೀಟಿಗಳ ಮೊತ್ತ 10 ಅಥವಾ ಹೆಚ್ಚು. 64 ಜೋಡಿಗಳಲ್ಲಿ ಅಂಥವು 28. ಗಾಬ್ಲಿನ್‌ನ ಗರಿಷ್ಠ ಪೆಟ್ಟು 8; ಪೂರ್ಣ ಜೀವಾಂಕ ಇರುವವನನ್ನು ಅದು ಒಂದೇ ಏಟಿಗೆ ಕೊಲ್ಲಲಾರದು. (20 ಬಿದ್ದರೆ ಪೆಟ್ಟಿನ ದಾಳಗಳು ಇಮ್ಮಡಿಯಾಗುವ ನಿಯಮವನ್ನು ತರಗತಿಯಲ್ಲಿ ಬಿಟ್ಟಿದ್ದೆವು.)

ಇನ್ನೊಂದು ವ್ಯತ್ಯಾಸವೂ ಇದೆ. ಗಾಬ್ಲಿನ್‌ಗಳು ಒಂದೊಂದಾಗಿ ಸತ್ತಂತೆ ಎದುರಾಳಿಯ ಬಲ ಕುಗ್ಗುತ್ತದೆ. ತಾವು ಮಾಡಿದ್ದರ ಫಲ ಮಕ್ಕಳಿಗೆ ಕಾಣುತ್ತದೆ. ಓಗರ್ ಹಾಗಲ್ಲ. ಜೀವಾಂಕ 59 ಇದ್ದಾಗಲೂ 1 ಇದ್ದಾಗಲೂ ಅವನ ಏಟು ಅಷ್ಟೇ.

ಆಟಗಾರರ ಹಂತಕ್ಕಿಂತ ಹೆಚ್ಚಿನ ಮಟ್ಟದ ರಾಕ್ಷಸನನ್ನು ತರುವಾಗ ಎಚ್ಚರವಿರಲಿ, ಒಂದೇ ಏಟಿಗೆ ದುರ್ಬಲ ಪಾತ್ರ ಸಾಯಬಹುದು ಎಂದು ಪುಸ್ತಕವೇ ಹೇಳಿದೆ. ನಾನು ಪಟ್ಟಿಯನ್ನು ನೋಡಿದ್ದೆ, ಅದರ ಪಕ್ಕದ ಎಚ್ಚರಿಕೆಯನ್ನು ಓದಿರಲಿಲ್ಲ.

‘ಬಿ’ ವಿಭಾಗದಲ್ಲಿ ಬದಲಿಸಿದ್ದು

ಆಟಕ್ಕೆ ಮೊದಲೇ ಇಬ್ಬರು ಎದುರಾಳಿಗಳ ಅಂಕಿಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು, “ಮಾಂತ್ರಿಕನಿಗೆ ಯಾರು ಹೆಚ್ಚು ಅಪಾಯಕಾರಿ?” ಎಂದು ಕೇಳಿದೆ. 15/20 ಮತ್ತು 13/20 ಎಂಬಲ್ಲಿಗೆ ಮಕ್ಕಳು ಬೇಗ ಬಂದರು. ಹೆಚ್ಚಿನವರು “ಎರಡೂ ಹೆಚ್ಚುಕಮ್ಮಿ ಒಂದೇ” ಎಂದರು. ತಾಗಿದ ಮೇಲೆ ಏನಾಗುತ್ತದೆ ಎಂಬ ಎರಡನೇ ಹೆಜ್ಜೆಯಲ್ಲಿ ಅಭಿಪ್ರಾಯ ಬದಲಾಯಿತು. ಎರಡು ಸಂಭವನೀಯತೆಗಳನ್ನು ಗುಣಿಸುವುದು ಅವರ ಪಠ್ಯದಲ್ಲಿಲ್ಲ. ಆದ್ದರಿಂದ “60 ಬಾರಿ ಹೊಡೆದರೆ” ಎಂದು ಎಣಿಕೆಯ ಮೂಲಕವೇ ಹೋದೆವು, ಅದು ಸಲೀಸಾಯಿತು. “ಮಿಸ್, ಓಗರ್‌ಗೆ ಒಂದೇ ಜೀವ ಉಳಿದಿದ್ರೂ ಅಷ್ಟೇ ಜೋರಾಗಿ ಹೊಡೀತಾನಾ?” ಎಂಬ ಪ್ರಶ್ನೆ ಒಬ್ಬ ಹುಡುಗನಿಂದ ಬಂತು. ನಾನು ರಾತ್ರಿ ಕುಳಿತು ಕಂಡುಕೊಂಡದ್ದನ್ನು ಅವನು ಐದು ನಿಮಿಷದಲ್ಲಿ ಕೇಳಿದ್ದ.

ನಂತರ ನಾಲ್ಕು ಗಾಬ್ಲಿನ್‌ಗಳೊಂದಿಗೆ ಆಡಿದೆವು. ಒಂದು ನಿಯಮ ಸೇರಿಸಿದೆ: ಪ್ರತಿ ಗಾಬ್ಲಿನ್ ತನ್ನ ಎದುರಿನ ಪಾತ್ರವನ್ನೇ ಹೊಡೆಯಬೇಕು. ನಾಲ್ಕೂ ಸೇರಿ ಮಾಂತ್ರಿಕನ ಮೇಲೆ ಬಿದ್ದರೆ ಒಂದು ಸುತ್ತಿನ ಸರಾಸರಿ ಪೆಟ್ಟು 14 ದಾಟುತ್ತದೆ. ಆಗ ಅವು ಹೆಸರಿಗಷ್ಟೇ ಗಾಬ್ಲಿನ್. ಎರಡನೇ ಸುತ್ತಿನಲ್ಲಿ ಕಳ್ಳ ಬಿದ್ದ. ವೈದ್ಯರ ಗುಂಪು ತಮ್ಮ ಸರದಿಯನ್ನು ಹೊಡೆಯುವುದಕ್ಕೆ ಬಳಸದೆ ಅವನನ್ನು ಎಬ್ಬಿಸಿತು. ಕೊನೆಯವರೆಗೂ ಎಲ್ಲ ಗುಂಪುಗಳ ಕೈಯೂ ಡಬ್ಬಿಯೊಳಗೆ ಹೋಗುತ್ತಿತ್ತು.

ಕೊರತೆಯೂ ಇತ್ತು. ಸುತ್ತಿಗೆ ಎಂಟು ಸರದಿಗಳಾದ್ದರಿಂದ ಆಟ ನಿಧಾನವಾಯಿತು. ಮೌಲ್ಯಮಾಪನದ ಪ್ರಶ್ನೆಗಳನ್ನು ಮರುದಿನಕ್ಕೆ ಉಳಿಸಬೇಕಾಯಿತು.

ಪ್ರಯತ್ನಿಸುವವರಿಗೆ

1. ಒಟ್ಟು ಬಲವನ್ನು ನೋಡಿದ ಮೇಲೆ, ಅತಿ ದುರ್ಬಲ ಪಾತ್ರಕ್ಕೆ ಅತಿ ದೊಡ್ಡ ಏಟು ಬಿದ್ದರೆ ಏನಾಗುತ್ತದೆ ಎಂದು ನೋಡಿ. ಮೊದಲ ಸರದಿಯಲ್ಲೇ ಆಟದಿಂದ ಹೊರಬೀಳುವಂತಿದ್ದರೆ ಆ ರಾಕ್ಷಸ ಬೇಡ.

2. ದೊಡ್ಡ ರಾಕ್ಷಸನೇ ಬೇಕೆಂದರೆ ಅವನ ಜೀವಾಂಕವನ್ನು ಹಾಗೇ ಬಿಟ್ಟು ಪೆಟ್ಟನ್ನು ತಗ್ಗಿಸಿ. ಓಗರ್‌ನ ಪೆಟ್ಟನ್ನು 8ರ ಒಂದು ಚೀಟಿ + 2 ಮಾಡಿದರೆ ಗರಿಷ್ಠ 10. ಮಾಂತ್ರಿಕ ಬೀಳಬಹುದು, ಸಾಯುವುದಿಲ್ಲ.

3. ಬದಲಾವಣೆ ಆಟಕ್ಕೆ ಮೊದಲೇ ಆಗಲಿ. ಚೀಟಿಯನ್ನು ಎಲ್ಲರ ಮುಂದೆ ತೆಗೆದು, ಬಂದದ್ದನ್ನು ಒಪ್ಪಿಕೊಳ್ಳಬೇಕು. ಮಧ್ಯದಲ್ಲಿ ಸಂಖ್ಯೆ ತಿದ್ದಿದರೆ ಸಂಭವನೀಯತೆಯ ಪಾಠವೇ ಸುಳ್ಳಾಗುತ್ತದೆ.

4. ಪಾತ್ರ ಬಿದ್ದ ಗುಂಪಿಗೆ ಕೆಲಸ ಕೊಡಿ: ರಾಕ್ಷಸನ ಚೀಟಿ ತೆಗೆಯುವುದು, ಬಂದ ಫಲಿತಗಳ ಆವೃತ್ತಿ ಪಟ್ಟಿ ಬರೆಯುವುದು.

ಘಟಕ ಪರೀಕ್ಷೆಯ ನೀಲನಕ್ಷೆ ತಯಾರಿಸುವಾಗ ನನಗೆ ಇದೇ ಲೆಕ್ಕ ನೆನಪಾಯಿತು. ಸುಲಭ, ಸಾಧಾರಣ, ಕಠಿಣ ಎಂಬ ಕಾಲಂಗಳ ಮೊತ್ತ ಸರಿಯಾಗಿತ್ತು. ಆದರೆ 20 ಅಂಕಗಳಲ್ಲಿ 5 ಅಂಕ ಒಂದೇ ಪ್ರಶ್ನೆಯಲ್ಲಿತ್ತು. ಮೊದಲ ಹೆಜ್ಜೆ ತಪ್ಪಿದವರಿಗೆ ಮುಂದೆ ದಾರಿಯೇ ಇರಲಿಲ್ಲ. ಅದನ್ನು ಒಂದರ ಮೇಲೊಂದು ಅವಲಂಬಿಸದ ಮೂರು ಉಪಪ್ರಶ್ನೆಗಳಾಗಿ ಒಡೆದೆ. ಒಟ್ಟು ಅಂಕ ಬದಲಾಗಲಿಲ್ಲ. ‘ಎ’ ವಿಭಾಗದ ಆ ಹುಡುಗಿ ಅವುಗಳಲ್ಲಿ ಎರಡನ್ನು ಬರೆದಿದ್ದಳು.