ಒಸಡಿನ ರಕ್ತವೂ ‘ಉಷ್ಣ’ದ ಅಪವಾದವೂ

ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಒಸರಿದರೆ ನಮ್ಮ ಮನೆಗಳಲ್ಲಿ ದೊರೆಯುವ ಉತ್ತರ ಒಂದೇ: ‘ಮೈಗೆ ಉಷ್ಣವಾಗಿದೆ, ಎರಡು ದಿನ ಬ್ರಷ್ ಮುಟ್ಟಬೇಡ.’ ಎಳನೀರು ಬರುತ್ತದೆ, ಮಜ್ಜಿಗೆ ಬರುತ್ತದೆ. ಬ್ರಷ್ ಮಾತ್ರ ಮೂಲೆ ಸೇರುತ್ತದೆ. ಒಸಡಿನ ಅಂಚಿನಲ್ಲಿ ಬೀಡುಬಿಟ್ಟಿರುವ ಅಣುಜೀವಿಗಳಿಗೆ ಇದಕ್ಕಿಂತ ದೊಡ್ಡ ಸುಗ್ಗಿ ಬೇರೊಂದಿಲ್ಲ.

ಈ ಜೀವಿಗಳನ್ನು ಮೊದಲು ಕಂಡವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್. 1683ರಲ್ಲಿ ಅವನು ತನ್ನ ಹಲ್ಲಿನ ಸಂದಿಯ ಬಿಳಿಯ ಪಾಚಿಯನ್ನು ತಾನೇ ರಚಿಸಿದ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಅತ್ತಿತ್ತ ಓಡಾಡುವ ಪುಟ್ಟ ಜೀವಿಗಳು ಕಂಡವು. ನಿತ್ಯವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದವನ ಬಾಯಿಯ ಸಮಾಚಾರವಿದು! ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಪಾಚಿ ದಪ್ಪಗಟ್ಟಲು ಬಿಟ್ಟಾಗಲೇ ತಂಟೆಯ ಆರಂಭ.

ಹಲ್ಲು ಹುಳುಕಾಗುವುದು ಆಮ್ಲದಿಂದ. ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಪಾಚಿಯ ಜೀವಿಗಳು ಆಮ್ಲವನ್ನು ಉತ್ಪಾದಿಸುತ್ತವೆ. ಅದನ್ನು ಶಮನಗೊಳಿಸಲು ಜೊಲ್ಲಿಗೆ ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕಾಗಬಹುದು. ಆದುದರಿಂದ ಎಷ್ಟು ಸಿಹಿ ತಿಂದೆವೆಂಬುದರಷ್ಟೇ ಎಷ್ಟು ಸಲ ತಿಂದೆವೆಂಬುದೂ ಮುಖ್ಯ. ಪೀಣ್ಯದ ಕಾರ್ಖಾನೆಗಳ ನೆರೆಯಲ್ಲಿರುವ ಲಗ್ಗೆರೆಯಂತಹ ಬಡಾವಣೆಯಲ್ಲಿ, ಪಾಳಿಯ ನಡುನಡುವೆ ಅರ್ಧ ಲೋಟ ಸಿಹಿ ಚಹಾ, ಜೊತೆಗೊಂದು ಬೇಕರಿಯ ಬನ್ನು ಎನ್ನುವವರು ಇದನ್ನು ಗಮನಿಸಬೇಕು.

ಒಸಡಿನ ಕಥೆ ಬೇರೆ. ಅಂಚಿನಲ್ಲಿ ಕೂತ ಪಾಚಿಯ ವಿರುದ್ಧ ದೇಹವು ಹೋರಾಟಕ್ಕೆ ನಿಂತಾಗ ಒಸಡು ಕೆಂಪಾಗಿ ಊದುತ್ತದೆ, ಮುಟ್ಟಿದರೆ ರಕ್ತ ಸುರಿಸುತ್ತದೆ. 1965ರಲ್ಲಿ ಹೆರಾಲ್ಡ್ ಲೋ ಎಂಬ ವಿಜ್ಞಾನಿ ಹಾಗೂ ಅವರ ಸಂಗಡಿಗರು ಡೆನ್ಮಾರ್ಕಿನಲ್ಲಿ ಆರೋಗ್ಯವಂತ ಒಸಡಿನ 12 ಮಂದಿಯಿಂದ ಹಲ್ಲುಜ್ಜುವುದನ್ನೇ ನಿಲ್ಲಿಸಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಊದಿತು. ಪುನಃ ಉಜ್ಜತೊಡಗಿದ ಸುಮಾರು ಒಂದು ವಾರದಲ್ಲಿ ವಾಸಿಯಾಯಿತು. ಆ ಚಳಿಯ ದೇಶದಲ್ಲಿ ಅದಾವ ಉಷ್ಣವೋ!

ಆದರೆ ಈ ಅವಕಾಶ ಸದಾಕಾಲ ಉಳಿಯುವುದಿಲ್ಲ. ಉಪೇಕ್ಷಿಸಿದರೆ ಬೇನೆಯು ಆಳಕ್ಕಿಳಿದು ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ಸವೆಸುತ್ತದೆ. ಸವೆದ ಮೂಳೆ ತಾನಾಗಿ ಮರಳಿ ಬೆಳೆಯದು. ಸಕ್ಕರೆ ಕಾಯಿಲೆಯವರಿಗೆ ಅಪಾಯ ಹೆಚ್ಚು. ಬೀಡಿ ಸಿಗರೇಟು ಸೇದುವವರಲ್ಲಂತೂ ರಕ್ತವೇ ಕಡಮೆ ಬಂದು, ರೋಗವು ಮರೆಯಲ್ಲೇ ಬೆಳೆಯುತ್ತದೆ.

ರಕ್ತ ಕಂಡಾಗ ಬ್ರಷ್ ಬಿಡದೆ, ಮೃದುವಾದ ಬ್ರಷ್ಷಿನಿಂದ ಒಸಡಿನ ಅಂಚನ್ನು ಹಗುರವಾಗಿ, ರಾತ್ರಿಯೂ ತಪ್ಪದೆ ಉಜ್ಜಬೇಕು. ನಂಜನಗೂಡಿನ ಹಲ್ಲುಪುಡಿಯಲ್ಲಿ ಬೆಳೆದ ಹಿರಿಯರಿಗೆ ಇದು ರುಚಿಸದಿರಬಹುದು. ಆದರೆ ಬೆರಳು ಸಂದಿಗೆ ಇಳಿಯುವುದಿಲ್ಲ. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಬೇಕು. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ ಇದೆ.

ಗಟ್ಟಿಯಾದ ಕಿಟ್ಟವನ್ನು ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂದು ಹೆದರುವವರೂ ಉಂಟು. ಅಂಥ ಹಲ್ಲು ಮೊದಲೇ ಸಡಿಲವಾಗಿರುತ್ತದೆ. ಕಿಟ್ಟವು ಅದನ್ನು ಮರೆಮಾಡಿರುತ್ತದೆ, ಅಷ್ಟೇ.