ಪೆಟ್ಟಿಗೆ ಹೊರುವುದೋ, ಫೈಲು ಕಾಯುವುದೋ?

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಫೋಟೊ ತೆಗೆಯಲು ಹೊರಟವರಿಗೆ ಎರಡು ಕಷ್ಟದ ಜಾಗಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಒಂದು, ಊರ ಸುತ್ತಲಿನ ತೆಂಗಿನ ತೋಟ. ಅಲ್ಲಿ ಎತ್ತರ, ಗಾಳಿ ಮತ್ತು ಬಿಸಿಲು ನೆರಳಿನ ಚುಕ್ಕಿಗಳ ಕಾಟ. ಇನ್ನೊಂದು, ಒಂಬತ್ತನೇ ಶತಮಾನದ ಕಲ್ಲೇಶ್ವರ ಗುಡಿ. ಅಲ್ಲಿ ಅರೆಗತ್ತಲು, ನೋಡಬೇಕಾದ ಶಿಲ್ಪವೋ ತಲೆಯ ಮೇಲೆ, ಚಾವಣಿಯಲ್ಲಿ, ದಿಕ್ಪಾಲಕರ ನಡುವೆ ಕುಣಿಯುವ ಶಿವ. ಅರವತ್ತು ದಾಟಿದ ಛಾಯಾಗ್ರಾಹಕರು ಲಾರ್ಜ್ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾ ಇಟ್ಟುಕೊಳ್ಳಬೇಕೇ, ಡಿಜಿಟಲ್‌ಗೆ ಬದಲಾಗಬೇಕೇ ಎಂದು ಯೋಚಿಸುತ್ತಿದ್ದರೆ, ಎರಡನ್ನೂ ಈ ಎರಡು ಜಾಗಗಳಲ್ಲಿ ನಿಲ್ಲಿಸಿ ನೋಡುವುದು ಒಳ್ಳೆಯದು.

ಪೆಟ್ಟಿಗೆಯೊಳಗೆ ಏನಿದೆ?

ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದ ರಚನೆ ಸರಳ. ಮುಂದೆ ಲೆನ್ಸ್ ಕೂರಿಸಿದ ಹಲಗೆ, ಹಿಂದೆ ಮಬ್ಬು ಗಾಜು, ನಡುವೆ ಮಡಿಕೆ ಮಡಿಕೆಯಾದ ಬೆಲ್ಲೋಸ್. ಒಂದು ಕಾಲದ ಸ್ಟುಡಿಯೊಗಳಲ್ಲಿದ್ದ, ಕೇರಳದ ಆಲಪ್ಪುಳದಲ್ಲಿ ತೇಗದ ಮರದಿಂದ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾವನ್ನು ಕಂಡವರಿಗೆ ಇದು ಹೊಸದಲ್ಲ. ಕಪ್ಪು ಬಟ್ಟೆ ಹೊದ್ದು ಗಾಜಿನ ಮೇಲೆ ನೋಡಿದರೆ ತೋಟ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಫೋಕಸ್ ಮುಗಿದ ಮೇಲೆ ಗಾಜಿನ ಮುಂದೆ ಹೋಲ್ಡರ್ ತೂರಿಸಬೇಕು. ಒಂದು ಹೋಲ್ಡರ್‌ನಲ್ಲಿ ಎರಡೇ ಶೀಟು, ಅಂದರೆ ಎರಡೇ ಚಿತ್ರ.

ಶೀಟು ತುಂಬುವುದು ಪೂರ್ತಿ ಕತ್ತಲೆಯಲ್ಲಿ. ಪ್ರತಿ ಶೀಟಿನ ಒಂದು ಮೂಲೆಯ ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಶೀಟನ್ನು ಉದ್ದುದ್ದ ಹಿಡಿದಾಗ ಕಚ್ಚು ಮೇಲ್ಗಡೆ ಬಲಮೂಲೆಯಲ್ಲಿ ಬೆರಳಿಗೆ ತಗುಲಿದರೆ, ಮದ್ದು ಲೇಪಿಸಿದ ಮುಖ ನಿಮ್ಮ ಕಡೆಗಿದೆ ಎಂದರ್ಥ. ಇಲ್ಲಿ ಕಣ್ಣಿಗೆ ಕೆಲಸವೇ ಇಲ್ಲ, ಬೆರಳ ತುದಿಯ ಸ್ಪರ್ಶ ಚುರುಕಾಗಿರಬೇಕು.

ದೊಡ್ಡ ಫಿಲ್ಮ್‌ನ ಲಾಭವೆಷ್ಟು?

ನಾಲ್ಕು-ಐದು ಇಂಚಿನ ಶೀಟಿನಲ್ಲಿ ಚಿತ್ರ ಮೂಡುವ ಜಾಗ ಸುಮಾರು 95×120 ಮಿ.ಮೀ. ಫುಲ್ ಫ್ರೇಮ್ ಡಿಜಿಟಲ್ ಸೆನ್ಸರ್ 24×36 ಮಿ.ಮೀ. ವಿಸ್ತೀರ್ಣದಲ್ಲಿ ಫಿಲ್ಮ್ ಹದಿಮೂರು ಪಟ್ಟು ದೊಡ್ಡದು. ಹಾಗೆಂದು ವಿವರವೂ ಹದಿಮೂರು ಪಟ್ಟು ಸಿಗುವುದಿಲ್ಲ. ಆ ನೆಗೆಟಿವನ್ನು ಇಂಚಿಗೆ 2000 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಬರುವುದು ಸುಮಾರು 80 ಮೆಗಾಪಿಕ್ಸೆಲ್ ಫೈಲು. ಇಂದಿನ 44×33 ಮಿ.ಮೀ. ಸೆನ್ಸರ್‌ನ ಕ್ಯಾಮೆರಾಗಳು 100 ಮೆಗಾಪಿಕ್ಸೆಲ್ ಕೊಡುತ್ತವೆ. ಬರೀ ವಿವರಕ್ಕಾಗಿ ಪೆಟ್ಟಿಗೆ ಹೊರುವ ಕಾಲ ಮುಗಿಯಿತು.

ಪೆಟ್ಟಿಗೆಯ ನಿಜವಾದ ಶಕ್ತಿ ಲೆನ್ಸ್ ಹಲಗೆಯನ್ನು ಸರಿಸುವ, ಬಾಗಿಸುವ ಅನುಕೂಲದಲ್ಲಿದೆ. ತೆಂಗಿನ ಮರದ ತುದಿ ಸಿಗಲೆಂದು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಸಾಲು ಮರಗಳು ಒಂದರ ಮೇಲೊಂದು ವಾಲಿದಂತೆ ಕಾಣುತ್ತವೆ. ಕ್ಯಾಮೆರಾವನ್ನು ನೇರವಾಗಿಟ್ಟು ಲೆನ್ಸ್ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸಿದರೆ ಮರಗಳು ನೆಟ್ಟಗೆ ನಿಲ್ಲುತ್ತವೆ, ತುದಿಯೂ ಸಿಗುತ್ತದೆ. ಕಂಪ್ಯೂಟರ್‌ನಲ್ಲಿ ವಾಲಿಕೆ ತಿದ್ದಬಹುದು, ಆದರೆ ಅದು ಚಿತ್ರದ ಮೇಲ್ಭಾಗವನ್ನು ಎಳೆದು ಹಿಗ್ಗಿಸುತ್ತದೆ, ಅಂಚುಗಳನ್ನು ಕತ್ತರಿಸುತ್ತದೆ. ಡಿಜಿಟಲ್ ಕ್ಯಾಮೆರಾಗೆ ಟಿಲ್ಟ್-ಶಿಫ್ಟ್ ಲೆನ್ಸ್ ಹಾಕಿದರೆ ಇದೇ ಅನುಕೂಲ ಸಿಗುತ್ತದೆ. ದುಬಾರಿ ಹೌದು, ಆದರೆ ಹೆಗಲಿಗೆ ಹಗುರ.

ಲೆನ್ಸನ್ನು ಮುಂದಕ್ಕೆ ಬಾಗಿಸುವುದು ಇನ್ನೊಂದು ಉಪಾಯ. ಲೆನ್ಸಿನ, ಫಿಲ್ಮಿನ ಮತ್ತು ನೆಲದ ಸಮತಲಗಳು ಒಂದೇ ಗೆರೆಯಲ್ಲಿ ಸೇರುವಂತೆ ಬಾಗಿಸಿದರೆ ಕಾಲಬುಡದ ಹುಲ್ಲಿನಿಂದ ದೂರದ ಬದುವಿನವರೆಗೆ ಎಲ್ಲವೂ ಚೊಕ್ಕ. ಈ ನಿಯಮಕ್ಕೆ ಆಸ್ಟ್ರಿಯದ ಥಿಯೊಡೋರ್ ಶೈಂಪ್‌ಫ್ಲೂಗ್ ಹೆಸರಿದೆ. ಕೆರೆಯಂಗಳಕ್ಕೆ, ರಾಗಿ ಹೊಲಕ್ಕೆ ಇದು ಹೇಳಿ ಮಾಡಿಸಿದ್ದು. ತೋಟದೊಳಗೆ ಅಷ್ಟು ನೆರವಿಗೆ ಬಾರದು: ನೆಲ ಚೊಕ್ಕವಾದಷ್ಟೂ ಹತ್ತಿರದ ಮರದ ತಲೆ ಮಬ್ಬಾಗುತ್ತದೆ. ಆಗ ಅಪರ್ಚರ್ ಕಿರಿದು ಮಾಡದೆ ದಾರಿಯಿಲ್ಲ.

ಗಾಳಿಯ ಲೆಕ್ಕ

ಅಪರ್ಚರ್ ಕಿರಿದಾದರೆ ಗರಿಗಳು ಕೈಕೊಡುತ್ತವೆ. ತೋಟದ ನೆರಳಿನಲ್ಲಿ 100 ಐಎಸ್‌ಒ ಫಿಲ್ಮ್ ಹಾಕಿ ಎಫ್/32 ಇಟ್ಟರೆ ಷಟರ್ ಸುಮಾರು ಮೂರರಲ್ಲೊಂದು ಸೆಕೆಂಡು ತೆರೆದಿರಬೇಕು. ಅಷ್ಟರಲ್ಲಿ ಗರಿ ಅಲುಗಾಡಿ ಮಸುಕಾಗುತ್ತದೆ. ಫುಲ್ ಫ್ರೇಮ್ ಡಿಜಿಟಲ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಆಳದ ಫೋಕಸ್ ಎಫ್/8ರಿಂದ ಎಫ್/9ರೊಳಗೇ ಸಿಗುತ್ತದೆ. 400 ಐಎಸ್‌ಒ ಇಟ್ಟು ಎಫ್/8ರಲ್ಲಿ ತೆಗೆದರೆ ಸೆಕೆಂಡಿನ ಇನ್ನೂರರಲ್ಲೊಂದು ಭಾಗ ಸಾಕು. ಗಾಳಿ ಏಳುವ ಮುನ್ನ, ಬೆಳಗಿನ ಜಾವ ತೋಟದಲ್ಲಿರಲು ಆಗುವವರು ಮಾತ್ರ ಅಲ್ಲಿ ಫಿಲ್ಮ್ ನೆಚ್ಚಿಕೊಳ್ಳಬಹುದು.

ಗುಡಿಯೊಳಗೆ ಗಾಳಿಯಿಲ್ಲ, ಬೆಳಕೂ ಇಲ್ಲ. ಫಿಲ್ಮಿಗೆ ಒಂದು ಸ್ವಭಾವವಿದೆ: ಎಕ್ಸ್‌ಪೋಶರ್ ದೀರ್ಘವಾದಂತೆ ಅದು ಮಂಕಾಗುತ್ತಾ ಹೋಗುತ್ತದೆ. ಇಲ್ಫರ್ಡ್ ಕಂಪನಿಯ ಸೂತ್ರದ ಪ್ರಕಾರ ಎಚ್‌ಪಿ5 ಫಿಲ್ಮಿಗೆ ಮೀಟರ್ 10 ಸೆಕೆಂಡು ಎಂದರೆ 20 ಕೊಡಬೇಕು. ಒಂದು ನಿಮಿಷ ಎಂದರೆ ಸುಮಾರು ಮೂರೂವರೆ ನಿಮಿಷ. ಸೆನ್ಸರ್‌ಗೆ ಈ ರಗಳೆ ಇಲ್ಲ. ಚಾವಣಿಯ ಶಿವನನ್ನು ತೆಗೆಯಲು ಪೆಟ್ಟಿಗೆಯ ಲೆನ್ಸ್ ಆಕಾಶ ನೋಡಬೇಕು, ಗಾಜು ನೆಲ ನೋಡಬೇಕು, ನೀವು ಅದರಡಿ ನುಸುಳಬೇಕು. ಡಿಜಿಟಲ್ ಕ್ಯಾಮೆರಾವನ್ನಾದರೆ ಗಿಡ್ಡ ಟ್ರೈಪಾಡಿನಲ್ಲಿ ಮೇಲ್ಮುಖವಾಗಿ ಕೂರಿಸಿ, ಪಕ್ಕದಲ್ಲಿ ನಿಂತು ಮೊಬೈಲ್ ಪರದೆಯಲ್ಲೇ ಫೋಕಸ್ ನೋಡಬಹುದು. ಮಂಡಿನೋವಿದ್ದವರಿಗೆ ಇಲ್ಲಿ ಎರಡನೇ ಮಾತಿಲ್ಲ. ಅಂದಹಾಗೆ, ಹಳೆಯ ಗುಡಿಗಳಲ್ಲಿ ಟ್ರೈಪಾಡ್ ಹೂಡುವ ಮುನ್ನ ಅನುಮತಿ ಬೇಕೇ ಎಂದು ವಿಚಾರಿಸಿ.

ಮೈಕೈ, ನೀರು, ದುಡ್ಡು

ಕ್ಯಾಮೆರಾ, ಎರಡು ಲೆನ್ಸ್, ಹೋಲ್ಡರ್‌ಗಳು, ಟ್ರೈಪಾಡ್ ಸೇರಿದರೆ ಎಂಟು ಹತ್ತು ಕಿಲೋ ಆಗುವುದು ಸುಲಭ. ಚಾಳೀಸು ಬಂದ ಕಣ್ಣಿಗೆ ಮಬ್ಬು ಗಾಜಿನ ಮೇಲೆ ಭೂತಗನ್ನಡಿ ಬೇಕೇ ಬೇಕು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಬಾಗಿಲು ಹಾಕಿದ ಮೇಲೆ ಶೀಟ್ ಫಿಲ್ಮ್ ಎಂದರೆ ಹೊರದೇಶದ ಸರಕು. ತೊಳೆಯುವುದನ್ನು ಮನೆಯಲ್ಲೇ ಮಾಡುವುದಾದರೆ ಡೆವಲಪರ್ 20 ಡಿಗ್ರಿಯಲ್ಲಿರಬೇಕು. ಬೇಸಿಗೆಯ ನಲ್ಲಿ ನೀರು ಅಷ್ಟು ತಣ್ಣಗಿರುವುದಿಲ್ಲವಾದ್ದರಿಂದ ಟ್ರೇಯನ್ನು ಐಸ್ ನೀರಿನಲ್ಲಿಟ್ಟು ಉಷ್ಣತೆ ಇಳಿಸಬೇಕು. ಬಿಸಿ ದ್ರಾವಣದಲ್ಲಿ ಅವಸರದಿಂದ ತೊಳೆದರೆ ಆಕಾಶದಲ್ಲಿ ಪಟ್ಟೆ ಮೂಡುತ್ತದೆ.

ನಮ್ಮ ನಂತರ ಯಾರು ನೋಡುತ್ತಾರೆ?

ವಯಸ್ಸಾದವರು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಇದು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಒಂದೊಂದೂ ಸುಮಾರು 16×18 ಇಂಚು. ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ 1983ರಲ್ಲಿ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಯಾವ ಕಂಬ ಉಳಿದಿದೆ, ಯಾವುದು ಹೋಗಿದೆ ಎಂದು ಹೋಲಿಸಿ ನೋಡಲು ಆ ಕಾಗದಗಳಿದ್ದವು. ನೆಗೆಟಿವನ್ನು ಕಿಟಕಿಗೆ ಹಿಡಿದರೂ ಏನಿದೆ ಎಂದು ಮೊಮ್ಮಕ್ಕಳಿಗೆ ತಿಳಿಯುತ್ತದೆ. ಹಾರ್ಡ್ ಡಿಸ್ಕ್ ಹಾಗಲ್ಲ. ಕೆಲವು ವರ್ಷಕ್ಕೊಮ್ಮೆ ಯಾರಾದರೂ ಹೊಸ ಡಿಸ್ಕ್‌ಗೆ ನಕಲು ಮಾಡುತ್ತಲೇ ಇರಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಅದರ ಲೆಕ್ಕ.

ನೆಗೆಟಿವ್‌ಗೂ ಆರೈಕೆ ಬೇಕು. ಅದನ್ನು ಕೊಬ್ಬರಿ ಅಟ್ಟದಲ್ಲಿ ಮಾತ್ರ ಇಡಬೇಡಿ. ಕೊಬ್ಬರಿಯನ್ನು ಒಣಗಿಸುವ ಬಿಸಿ ಫಿಲ್ಮನ್ನು ಕೆಡಿಸುತ್ತದೆ. ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ತಂಪಾದ ಒಣ ಕಪಾಟಿನಲ್ಲಿ ಇರಲಿ.

ಹಾಗಾದರೆ ತೀರ್ಮಾನ? ಗುಡಿಯೊಳಗೆ, ಗಾಳಿಯ ದಿನ, ಒಬ್ಬರೇ ಹೋಗುವಾಗ ಡಿಜಿಟಲ್. ಹೊರಲು ಒಬ್ಬ ಹುಡುಗ ಜೊತೆಗಿರುವ ಗಾಳಿಯಿಲ್ಲದ ಬೆಳಗು, ನೂರು ವರ್ಷ ಉಳಿಯಲಿ ಎನಿಸುವ ಒಂದೆರಡು ನೋಟ, ಇಷ್ಟಕ್ಕೆ ಪೆಟ್ಟಿಗೆ. ಯಾವುದನ್ನೇ ಆರಿಸಿದರೂ ಹಳೆಯ ನೆಗೆಟಿವ್‌ಗಳ ಲಕೋಟೆಗಳ ಮೇಲೆ ಊರು, ತೋಟ, ತಿಂಗಳು, ವರ್ಷವನ್ನು ಪೆನ್ಸಿಲ್‌ನಲ್ಲಿ ಈ ವಾರವೇ ಬರೆಯಲು ಶುರುಮಾಡಿ. ಆ ಕೆಲಸವನ್ನು ನಿಮ್ಮ ಹೊರತು ಇನ್ನಾರೂ ಮಾಡಲಾರರು.