ಶುಲ್ಕವಿಲ್ಲದ ವಿದೇಶಿ ಪದವಿ: ಖರ್ಚು ಇರುವುದೆಲ್ಲಿ?

ಹುಬ್ಬಳ್ಳಿ: ಪದವಿ ಮುಗಿಸಿದ ಮಗ ಅಥವಾ ಮಗಳು ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವ ಇಚ್ಛೆ ವ್ಯಕ್ತಪಡಿಸಿದರೆ, ಕಮರಿಪೇಟೆಯಂತಹ ಹಳೆಯ ಬಡಾವಣೆಗಳ ಮಧ್ಯಮ ವರ್ಗದ ಕುಟುಂಬಗಳಲ್ಲಿ ಮೊದಲು ಹೊರಬರುವುದು ಮನೆಯ ಕಾಗದಪತ್ರ. ಸಾರ್ವಜನಿಕ ವಲಯದ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಬೇಕು. ಆದ್ದರಿಂದ ದೇಶದ ಆಯ್ಕೆಯಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ವಿದ್ಯಾರ್ಥಿಗೆ ಮಾತ್ರವಲ್ಲ, ಇಡೀ ಮನೆಗೆ.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡ್‌ಗೆ ತೆರಳಿದ್ದು ಡೆಕ್ಕನ್ ಎಜುಕೇಶನ್ ಸೊಸೈಟಿಯ ನೆರವಿನಿಂದ. ಇಂದು ಸಾಲ ಸುಲಭವಾಗಿದೆ. ಆದರೆ ಸಾಲಕ್ಕೆ ಮುನ್ನ ಕಡಿಮೆ ವೆಚ್ಚದ ದಾರಿಗಳನ್ನು ಪರಿಶೀಲಿಸುವುದು ವಿವೇಕ.

ಜರ್ಮನಿಯ ಲೆಕ್ಕ

ಇಂಗ್ಲಿಷ್ ಬೋಧನೆ ಎಂದರೆ ಅಮೆರಿಕ, ಬ್ರಿಟನ್ ಎಂಬ ಭಾವನೆ ಇನ್ನೂ ಬಲವಾಗಿದೆ. ಆದರೆ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಕೋರ್ಸುಗಳು ಸಾಕಷ್ಟಿವೆ. ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರ್‌ಗೆ ಕೆಲವು ನೂರು ಯೂರೊಗಳ ವಂತಿಗೆ ಮಾತ್ರ. ಜರ್ಮನ್ ವಿನಿಮಯ ಸೇವೆ ‘ಡಾಡ್’ ತನ್ನ ತಾಣದಲ್ಲಿ ಈ ಕೋರ್ಸುಗಳ ಪಟ್ಟಿಯನ್ನು ಉಚಿತವಾಗಿ ನೀಡುತ್ತದೆ.

ಇದಕ್ಕೆ ಅಪವಾದಗಳೂ ಇವೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೊ ವಿಧಿಸಿತು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವು 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಸ್ನಾತಕೋತ್ತರ ಕೋರ್ಸುಗಳಿಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೊ ನಿಗದಿಪಡಿಸಿತು.

ನಿಜವಾದ ಭಾರ ಇರುವುದು ಜೀವನ ವೆಚ್ಚದಲ್ಲಿ. ವೀಸಾಕ್ಕೆ ಮುನ್ನ ಒಂದು ವರ್ಷದ ಖರ್ಚನ್ನು ತೋರಿಸಬೇಕು. ಬಹುತೇಕರು ಇದಕ್ಕಾಗಿ ವಿಶೇಷ ಖಾತೆಯೊಂದರಲ್ಲಿ ಹಣ ಇರಿಸುತ್ತಾರೆ. ಈ ಮೊತ್ತವನ್ನು 2024ರ ಸೆಪ್ಟೆಂಬರ್‌ನಲ್ಲಿ 11,904 ಯೂರೊಗೆ ಏರಿಸಲಾಯಿತು. ಯೂರೊಗೆ 100 ರೂಪಾಯಿಯಂತೆ ಇದು ಸುಮಾರು 12 ಲಕ್ಷ ರೂಪಾಯಿ. ಈ ಹಣ ಶುಲ್ಕವಾಗಿ ಹೋಗುವುದಿಲ್ಲ. ತಿಂಗಳಿಗೆ 992 ಯೂರೊಗಳಂತೆ ವಿದ್ಯಾರ್ಥಿಗೇ ಮರಳುತ್ತದೆ. ಆದರೆ ಒಮ್ಮೆಲೇ ಹೊಂದಿಸಬೇಕಾದದ್ದು ಕುಟುಂಬವೇ. ಎರಡನೇ ವರ್ಷದ ವೆಚ್ಚ ಪ್ರತ್ಯೇಕ.

2022ರ ನವೆಂಬರ್‌ನಿಂದ ಭಾರತೀಯರಿಗೆ ಎ.ಪಿ.ಎಸ್. ಪ್ರಮಾಣಪತ್ರವೂ ಕಡ್ಡಾಯವಾಯಿತು. ಅಂಕಪಟ್ಟಿಗಳ ಪರಿಶೀಲನೆಗೆ ಸಮಯ ಹಿಡಿಯುವುದರಿಂದ ಅರ್ಜಿಯನ್ನು ಮೊದಲೇ ಸಲ್ಲಿಸುವುದು ಒಳಿತು.

ಅರೆಕಾಲಿಕ ದುಡಿಮೆಗೆ ವರ್ಷಕ್ಕೆ 140 ಪೂರ್ಣ ದಿನಗಳ ಅವಕಾಶವನ್ನು 2024ರಲ್ಲಿ ನೀಡಲಾಯಿತು. ಪದವಿಯ ಬಳಿಕ ಉದ್ಯೋಗ ಹುಡುಕಲು 18 ತಿಂಗಳು ಉಳಿಯಬಹುದು. ಪಾಠ ಇಂಗ್ಲಿಷಿನಲ್ಲಿ ನಡೆದರೂ ಅಂಗಡಿ, ಕಚೇರಿ, ಕೆಲಸಗಳಿಗೆ ಜರ್ಮನ್ ಬೇಕಾಗುತ್ತದೆ. ಭಾಷೆ ಕಲಿಯದೆ ಹೋದವರು ದುಡಿಮೆಯ ಹಣವನ್ನೇ ನಂಬಿ ಸಾಲದ ಲೆಕ್ಕ ಹಾಕುವುದು ಅಪಾಯಕರ.

ಇತರ ದಾರಿಗಳು

ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಕುಟುಂಬದ ಆದಾಯ, ಆಸ್ತಿಗಳನ್ನು ನೋಡಿ ಶುಲ್ಕ ನಿರ್ಧರಿಸುವುದು ವಾಡಿಕೆ. ಕಡಿಮೆ ಆದಾಯದವರಿಗೆ ಪ್ರಾಂತೀಯ ವಿದ್ಯಾರ್ಥಿವೇತನವೂ ಉಂಟು. ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದವರಿಗೆ ಬೋಧನಾ ಶುಲ್ಕವಿಲ್ಲ. ತಿಂಗಳಿಗೆ 1,400 ಯೂರೊ ದೊರೆಯುತ್ತದೆ. ಇಲ್ಲಿ ಸ್ಪರ್ಧೆ ತೀವ್ರ.

ಹಳೆಯ ಮಾಹಿತಿಯನ್ನು ನಂಬಬಾರದು. ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ, ನಾರ್ವೆ 2023ರಲ್ಲಿ ಹೊರಗಿನ ವಿದ್ಯಾರ್ಥಿಗಳಿಗೆ ಶುಲ್ಕ ಜಾರಿಗೊಳಿಸಿದವು. ಆದರೂ ಇವು ಉಚಿತವೆಂಬ ಮಾತು ಇನ್ನೂ ಕೇಳಿಬರುತ್ತದೆ.

ಸರ್ಕಾರದ ನೆರವು

ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿ ವರ್ಗದವರಿಗೆ ಮೀಸಲು. ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು. ಅರ್ಹತಾ ಪದವಿಯಲ್ಲಿ ಶೇ 60 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗಾಗಿ ರಾಜ್ಯ ಸರ್ಕಾರವೂ ‘ಪ್ರಬುದ್ಧ’ ಯೋಜನೆಯನ್ನು ರೂಪಿಸಿದೆ.

ಮಧ್ಯವರ್ತಿಗೆ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆಗಳಿಗೆ ವಿಶ್ವವಿದ್ಯಾಲಯದಿಂದಲೇ ಉತ್ತರ ಪಡೆಯಬೇಕು: ಅದು ಸರ್ಕಾರಿಯೋ ಖಾಸಗಿಯೋ, ಪೂರ್ಣ ಅವಧಿಯ ಶುಲ್ಕ ಎಷ್ಟು, ಆ ಊರಿನ ತಿಂಗಳ ಬಾಡಿಗೆ ಎಷ್ಟು. ಮನೆಯ ಪತ್ರ ಬ್ಯಾಂಕಿಗೆ ಹೋಗಬೇಕೇ ಎಂಬುದನ್ನು ಆನಂತರ ನಿರ್ಧರಿಸಿದರಾಯಿತು.